ಸೀಟ್ ಬಾರ್ ಇಳಿಸಿದರೂ ಲೋಡರ್ ಅಲುಗುತ್ತಿಲ್ಲ, ಎಲ್ಲಿ ನೋಡಬೇಕು?

ಪ್ರಶ್ನೆ: ಸರ್, ನಮ್ಮದು ಹಳೆಯ ಸ್ಕಿಡ್ ಸ್ಟಿಯರ್ ಲೋಡರ್. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಮಡಿಲ ಮೇಲೆ ಬರುವ ಸೀಟ್ ಬಾರ್ ಇಳಿಸಿದರೂ ಕೆಲವೊಮ್ಮೆ ಬಕೆಟ್ ಎತ್ತುವ ಬೂಮೂ ಏಳಲ್ಲ, ಗಾಡಿಯೂ ಚಲಿಸಲ್ಲ. ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನ ಕೈ ಕೊಡುತ್ತದೆ. ಎಲೆಕ್ಟ್ರಿಷಿಯನ್ "ಲಾಕ್‌ಗೆ ಡೈರೆಕ್ಟ್ ಕರೆಂಟ್ ಕೊಟ್ಟುಬಿಡೋಣ" ಅನ್ನುತ್ತಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಯಾಕೆ ಅನ್ನೋದನ್ನ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಮೀಟರ್ ತೆಗೆಯೋಣ.

ನಮ್ಮ ಕಡೆ ಕಂಪನಿ ಯಾವುದಿದ್ದರೂ ಜನ ಬಾಬ್‌ಕ್ಯಾಟ್ ಅಂತಲೇ ಕರೆಯುವ ಗಾಡಿ ಇದು. ಇಕ್ಕಟ್ಟಿನ ಜಾಗದಲ್ಲಿ ನಿಂತಲ್ಲೇ ತಿರುಗಲು ಮಾಡಿದ್ದು. ಹಾಗಾಗಿ ಆಪರೇಟರ್ ಕೂರುವುದೇ ಬೂಮಿನ ಎರಡು ತೋಳುಗಳ ನಡುವೆ. ಜೆಸಿಬಿ ಕಂಪನಿಯ ಒಂಟಿ ತೋಳಿನ ಲೋಡರ್‌ನಂಥ ಮಾದರಿ ಬಿಟ್ಟರೆ, ಹತ್ತುವುದೂ ಇಳಿಯುವುದೂ ಮುಂದಿನಿಂದ, ಬಕೆಟ್ ದಾಟಿಕೊಂಡು. ಎಂಜಿನ್ ಚಾಲೂ ಇದ್ದು, ಇಳಿಯುವಾಗ ಕಾಲು ಪೆಡಲ್‌ಗೆ ತಾಗಿದರೆ ಬೂಮ್ ಬಂದು ಬೀಳುವುದು ಅವನ ಮೇಲೆಯೇ. ಇದನ್ನು ತಪ್ಪಿಸಲೆಂದೇ ಲಾಕ್ ಇರುವುದು: ಸೀಟ್ ಬಾರ್ ಎತ್ತಿದರೆ ಬೂಮೂ ಚಕ್ರವೂ ಅಲುಗದಂತೆ ಅದು ಹಿಡಿಯುತ್ತದೆ. ಕಾರ್ಮಿಕರ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ (NIOSH) ಸಂಸ್ಥೆ 1998ರಲ್ಲಿ ಈ ಗಾಡಿಗಳ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿತ್ತು. ಬಕೆಟ್ಟಿಗೂ ಚಾಸಿಗೂ ನಡುವೆ, ತೋಳಿಗೂ ಚಾಸಿಗೂ ನಡುವೆ ಸಿಕ್ಕಿ ಸತ್ತವರ ಪ್ರಕರಣಗಳು ಅದರಲ್ಲಿವೆ. ಲಾಕನ್ನು ಬೈಪಾಸ್ ಮಾಡಬೇಡಿ ಅಂತ ಅದು ನೇರವಾಗಿ ಹೇಳುತ್ತದೆ. ಡೈರೆಕ್ಟ್ ವೈರ್ ಹಾಕಿದರೆ ನಿಮ್ಮ ತೊಂದರೆ ಐದು ನಿಮಿಷದಲ್ಲಿ ಮಾಯ, ನಿಜ. ಆದರೆ ನಾಳೆ ಆ ಸೀಟಿನಲ್ಲಿ ಕೂರುವ ಹುಡುಗನಿಗೆ ಅದು ಗೊತ್ತಿರುವುದಿಲ್ಲ.

ಕೆಲಸಕ್ಕೆ ಮುಂಚೆ ಬೂಮ್ ಪೂರ್ತಿ ಇಳಿಸಿ, ಬಕೆಟ್ ನೆಲಕ್ಕೆ ಕೂರಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಬೂಮ್ ಮೇಲೇ ಸಿಕ್ಕಿಕೊಂಡಿದ್ದರೆ ಅದರ ಕೆಳಗೆ ತಲೆ ಹಾಕಬೇಡಿ. ಎಂಜಿನ್ ಆಫ್ ಇದ್ದಾಗಲೂ ಸೀಟಿನಲ್ಲಿ ಕೂತೇ ಬೂಮ್ ಇಳಿಸಲು ಹಲವು ಮಾದರಿಗಳಲ್ಲಿ ಒಂದು ಬೈಪಾಸ್ ನಾಬ್ ಇರುತ್ತದೆ. ಅದು ಇರುವುದೇ ಇಂಥ ಹೊತ್ತಿಗೆ.

ಈಗ ನಿಮ್ಮ ಪ್ರಶ್ನೆಯಲ್ಲೇ ಇರುವ ಸುಳಿವು ನೋಡಿ. ಬೂಮೂ ಇಲ್ಲ, ಓಟವೂ ಇಲ್ಲ ಅಂದಿದ್ದೀರಿ. ಇವೆರಡಕ್ಕೂ ಬೇರೆ ಬೇರೆ ಲಾಕ್ ಇವೆ. ಒಂದು ಸೊಲೆನಾಯ್ಡ್ (ಕರೆಂಟ್ ಹೋದಾಗ ಅಯಸ್ಕಾಂತದಂತೆ ಎಳೆಯುವ ಕಾಯಿಲ್) ಹೈಡ್ರಾಲಿಕ್ ವಾಲ್ವನ್ನು ಬಿಡಿಸುತ್ತದೆ, ಇನ್ನೊಂದು ಚಕ್ರದ ಲಾಕನ್ನು. ಎರಡು ಸೊಲೆನಾಯ್ಡ್ ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಎರಡೂ ಒಟ್ಟಿಗೆ ನಿಂತರೆ, ಎರಡಕ್ಕೂ ಹಂಚಿಕೆಯಾಗಿರುವ ಜಾಗದಲ್ಲಿ ಹುಡುಕಬೇಕು: ಬ್ಯಾಟರಿ, ಫ್ಯೂಸ್, ಅರ್ತ್, ಆಪರೇಟರ್ ಕೂತಿದ್ದಾನಾ ಅಂತ ತಿಳಿಯುವ ಸೀಟ್ ಸ್ವಿಚ್, ಬಾರ್ ಇಳಿದಿದೆಯಾ ಅಂತ ತಿಳಿಯುವ ಬಾರ್ ಸೆನ್ಸರ್. ಬೂಮ್ ಮಾತ್ರ ನಿಂತು ಗಾಡಿ ಓಡುತ್ತಿದ್ದರೆ, ಅಥವಾ ಓಟ ನಿಂತು ಬೂಮ್ ಏಳುತ್ತಿದ್ದರೆ, ಆಗ ಆ ಒಂದು ಸೊಲೆನಾಯ್ಡ್, ಅದರ ರಿಲೇ, ಅದರ ವೈರ್ ಕಡೆ ಹೋಗಿ. ಎಷ್ಟೋ ಜನ ಇದನ್ನು ಯೋಚಿಸದೆ ಸುಮ್ನೆ ಕಾಯಿಲ್ ಬದಲಿಸಿ ದುಡ್ಡು ಕಳೆಯುತ್ತಾರೆ. ಪ್ಯಾನಲ್‌ನಲ್ಲಿ ಎರರ್ ಕೋಡ್ ಬಂದರೆ ಅಥವಾ ದೀಪ ಮಿನುಗಿದರೆ ಬರೆದಿಟ್ಟುಕೊಳ್ಳಿ. ನಿಮ್ಮ ಮಾದರಿಯ ಮ್ಯಾನುಯಲ್‌ನಲ್ಲಿ ಅದರ ಅರ್ಥ ಇರುತ್ತದೆ.

ಮೊದಲು ಬ್ಯಾಟರಿ. ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಹೆಚ್ಚುಕಮ್ಮಿ 14. ಇದು ಸರಿ ಇದ್ದರೆ ಅರ್ತ್ ನೋಡಿ. ಇಲ್ಲೇ ಮೀಟರ್ ಜನರಿಗೆ ಮೋಸ ಮಾಡುವುದು. ನೂಲಿನಷ್ಟು ಸಣ್ಣ ಒಂದೇ ಎಳೆ ಉಳಿದಿರುವ ವೈರಿನಲ್ಲೂ, ಲೋಡ್ ಇಲ್ಲದಿದ್ದರೆ ಮೀಟರ್ 12 ವೋಲ್ಟ್ ತೋರಿಸುತ್ತದೆ. ಸೊಲೆನಾಯ್ಡ್ ಕರೆಂಟ್ ಎಳೆದ ತಕ್ಷಣ ಅದು ಕುಸಿಯುತ್ತದೆ. ಆದ್ದರಿಂದ ಕೀ ಆನ್ ಮಾಡಿ, ಸೊಲೆನಾಯ್ಡ್‌ಗೆ ಕರೆಂಟ್ ಹೋಗುತ್ತಿರುವಾಗಲೇ ಅಳೆಯಿರಿ. ಒಂದು ಪ್ರೋಬ್ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಸೊಲೆನಾಯ್ಡ್‌ನ ಅರ್ತ್ ಪಿನ್‌ಗೆ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ನಡುವೆ ಎಲ್ಲೋ ತುಕ್ಕು ಅಥವಾ ಸಡಿಲ ಬೋಲ್ಟ್ ಇದೆ. ಬಣ್ಣದ ಮೇಲೆಯೇ ಬಿಗಿದ ಅರ್ತ್ ಬೋಲ್ಟ್ ಸಿಕ್ಕರೆ, ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿ ಮತ್ತೆ ಬಿಗಿಯಿರಿ.

ಆಮೇಲೆ ಸೀಟ್ ಬಾರ್. ಹಳೆಯ ಕೆಲವು ಗಾಡಿಗಳಲ್ಲಿ ಸಾದಾ ಸ್ವಿಚ್ ಇರುತ್ತದೆ. ಮೀಟರನ್ನು ಕಂಟಿನ್ಯುಟಿಗೆ (ಕರೆಂಟಿನ ದಾರಿ ಕೂಡಿದೆಯಾ ಅಂತ ತೋರಿಸುವ ಸೆಟ್ಟಿಂಗ್) ಇಟ್ಟು ಅದಕ್ಕೆ ಹಾಕಿ ಬಾರ್ ಏಳಿಸಿ ಇಳಿಸಿದರೆ ಗೊತ್ತಾಗುತ್ತದೆ. ಬಹಳಷ್ಟು ಗಾಡಿಗಳಲ್ಲಿ ಇರುವುದು ಅಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಹಾಲ್ (Hall) ಸೆನ್ಸರ್: ಬಾರ್ ತಿರುಗುವ ಕಡೆ ಒಂದು ಅಯಸ್ಕಾಂತ, ಅದರ ಎದುರು ಮೂರು ವೈರಿನ ಸೆನ್ಸರ್. ಇದನ್ನು ಓಮ್ಸ್‌ನಲ್ಲಿ ಅಳೆದು ಪ್ರಯೋಜನವಿಲ್ಲ. ಕನೆಕ್ಟರ್ ಹಾಕಿಯೇ ಇಟ್ಟು, ಹಿಂದಿನಿಂದ ಪ್ರೋಬ್ ಚುಚ್ಚಿ, ಮೊದಲು ಸಪ್ಲೈ ಮತ್ತು ಅರ್ತ್ ಬರುತ್ತಿದೆಯಾ ನೋಡಿ. ನಂತರ ಬಾರ್ ಏಳಿಸಿ ಇಳಿಸುತ್ತಾ ಸಿಗ್ನಲ್ ವೈರಿನ ವೋಲ್ಟೇಜ್ ಬದಲಾಗುತ್ತದೆಯಾ ನೋಡಿ. ಸಪ್ಲೈ ಇದ್ದೂ ಸಿಗ್ನಲ್ ಬದಲಾಗದಿದ್ದರೆ, ಸೆನ್ಸರ್ ಕೊಳ್ಳುವ ಮುಂಚೆ ಅಯಸ್ಕಾಂತ ಜಾಗದಲ್ಲಿ ಇದೆಯಾ, ಬುಷ್ ಸವೆದು ಅದು ದೂರ ಸರಿದಿದೆಯಾ ನೋಡಿ.

ಸೀಟಿನ ಕೆಳಗಿನ ಕನೆಕ್ಟರ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಸಂಜೆ ಆದರೆ ಪ್ರೆಷರ್ ನೀರು ಬಿಟ್ಟು ಗಾಡಿ ತೊಳೆಯುವ ರೂಢಿ. ನೀರು ನೇರ ಆ ಕನೆಕ್ಟರ್‌ಗೇ ಹೋಗುತ್ತದೆ. ಪಿನ್‌ಗೆ ಹಸಿರು ಹಿಡಿದಿದ್ದರೆ ಅದೇ ಕಾರಣ. ಇನ್ನು ಕ್ಯಾಬಿನ್ ಮಗುಚುವ ಹಿಂಜಿನ ಹತ್ತಿರ ವೈರ್ ಉಜ್ಜಿ ಸವೆದಿರುತ್ತದೆ, ಕೆಲವು ಕಡೆ ಇಲಿಯೂ ಕಡಿದಿರುತ್ತದೆ. ಮೀಟರ್ ಹಾಕಿಟ್ಟು ವೈರ್ ಕಟ್ಟನ್ನು ಕೈಯಲ್ಲಿ ಅಲುಗಾಡಿಸಿ. ರೀಡಿಂಗ್ ಎಲ್ಲಿ ಕುಣಿಯುತ್ತದೋ ಅಲ್ಲಿ ಟೇಪ್ ಬಿಚ್ಚಿ.

ಮಧ್ಯಾಹ್ನ ಮಾತ್ರ ಯಾಕೆ? ಬಿಸಿ. ತಾಮ್ರದ ಕಾಯಿಲ್ 50 ಡಿಗ್ರಿ ಜಾಸ್ತಿ ಕಾದರೆ ಅದರ ರೆಸಿಸ್ಟೆನ್ಸ್ ಸುಮಾರು 20 ಶೇಕಡಾ ಏರುತ್ತದೆ. 8 ಓಮ್ ಇದ್ದದ್ದು ಹೆಚ್ಚುಕಮ್ಮಿ 9.6 ಆಗುತ್ತದೆ. ಕರೆಂಟ್ ಸುಮಾರು 17 ಶೇಕಡಾ ಇಳಿಯುತ್ತದೆ, ಕಾಯಿಲ್‌ನ ಎಳೆತವೂ ಇಳಿಯುತ್ತದೆ. ವೈರಿಂಗ್ ಗಟ್ಟಿ ಇದ್ದರೆ ಇದರಿಂದ ಏನೂ ಆಗಲ್ಲ, ತಯಾರಕರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಆದರೆ ಅರ್ತ್‌ನಲ್ಲಿ ಆಗಲೇ ಒಂದು ವೋಲ್ಟ್ ಸೋರುತ್ತಿದ್ದರೆ, ಬೆಳಿಗ್ಗೆ ಹೇಗೋ ಎಳೆದ ಕಾಯಿಲ್ ಮಧ್ಯಾಹ್ನ ಕೈ ಚೆಲ್ಲುತ್ತದೆ. ಎರಡೂ ಕಾಯಿಲ್ ಒಟ್ಟಿಗೆ ಸೋಲುತ್ತಿರುವುದರಿಂದ ನನಗೆ ಅರ್ತ್ ಮೇಲೇ ಮೊದಲ ಅನುಮಾನ, ಆಮೇಲೆ ಸೀಟಿನ ಕನೆಕ್ಟರ್. ಅಳೆಯುವುದನ್ನೂ ಗಾಡಿ ಕೈ ಕೊಟ್ಟ ಆ ಹೊತ್ತಲ್ಲೇ ಮಾಡಿ. ತಣ್ಣಗಾದ ಮೇಲೆ ಎಲ್ಲ ಸರಿಯೇ ಕಾಣುತ್ತದೆ.

ಕಾಯಿಲ್‌ಗೆ ಕರೆಂಟ್ ಮುಟ್ಟುತ್ತಿದೆಯಾ ಅಂತ ಬೇಗ ತಿಳಿಯಲು ಅದರ ತುದಿಯ ನಟ್‌ಗೆ ಸ್ಕ್ರೂಡ್ರೈವರ್ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಕಾಯಿಲ್ ಕೆಲಸ ಮಾಡುತ್ತಿದೆ. ಆದರೂ ಬೂಮ್ ಏಳದಿದ್ದರೆ ತೊಂದರೆ ಕರೆಂಟಿನದಲ್ಲ. ಹೈಡ್ರಾಲಿಕ್ ಆಯಿಲ್ ಮಟ್ಟ ನೋಡಿ, ವಾಲ್ವಿನ ಲಾಕ್ ಪಿನ್ ಕಸಕ್ಕೆ ಸಿಕ್ಕಿದೆಯಾ ನೋಡಿಸಿ. ಟ್ರ್ಯಾಕ್ಷನ್ ಲಾಕ್‌ನ, ಅಂದರೆ ಚಕ್ರದ ಲಾಕ್‌ನ, ಕೆಲವು ಸೊಲೆನಾಯ್ಡ್‌ಗಳಲ್ಲಿ ಎರಡು ಸುರುಳಿ ಇರುತ್ತವೆ: ಒಂದು ಜೋರಾಗಿ ಎಳೆಯಲು, ಒಂದು ಹಿಡಿದಿಡಲು. ಟಕ್ ಅಂತ ಎಳೆದು ತಕ್ಷಣ ಬಿಟ್ಟರೆ ಹಿಡಿದಿಡುವ ಸುರುಳಿಯೋ ಅದರ ವೈರೋ ಹೋಗಿದೆ ಅಂತ ಲೆಕ್ಕ.

ರಿಪೇರಿ ಮುಗಿದ ಮೇಲೆ ಲಾಕ್ ಹಿಡಿಯುತ್ತದಾ ಅಂತಲೂ ನೋಡಬೇಕು. ಸುತ್ತ ಯಾರೂ ಇಲ್ಲದ ಬಯಲಲ್ಲಿ, ಬೆಲ್ಟ್ ಹಾಕಿ, ಎಂಜಿನ್ ಸ್ಲೋ ಇಟ್ಟು ಬೂಮ್ ಸ್ವಲ್ಪ ಎತ್ತಿ. ಬಾರ್ ಮೇಲಕ್ಕೆ ಎತ್ತಿ ಬೂಮಿನ ಕಂಟ್ರೋಲ್ ಅಲುಗಿಸಿ, ನಂತರ ಓಟದ ಲಿವರ್‌ಗಳನ್ನು ನಿಧಾನಕ್ಕೆ ಒತ್ತಿ. ಏನೂ ಅಲುಗಬಾರದು. ಅಲುಗಿದರೆ ಬಾರ್ ಇಳಿಸಿ, ಬೂಮ್ ನೆಲಕ್ಕೆ ಕೂರಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಹಿಂದೆ ಯಾರೋ ಲಾಕ್ ತಪ್ಪಿಸಲು ಹಾಕಿಟ್ಟ ಜಂಪರ್ (ಡೈರೆಕ್ಟ್) ವೈರ್ ಎಲ್ಲೋ ಉಳಿದಿರಬಹುದು, ಅದನ್ನು ಹುಡುಕಬೇಕು.