ಪದ ಪರಿಚಯ: ದುರ್ನಡತೆ

ಒಂದು ಮಳೆಗಾಲದಲ್ಲಿ ನಮ್ಮ ಕರಾವಳಿಯ ಪರಿಚಯದವರೊಬ್ಬರು ನನಗೆ ಒಂದು ಅರ್ಜಿ ತೋರಿಸಿದರು. ಎರಡು ಪುಟ, ಒತ್ತೊತ್ತಾಗಿ ಬರೆದದ್ದು. ಗಟಾರ ಕಟ್ಟಿದೆ, ನೀರು ಅಂಗಳಕ್ಕೆ ಬಂದಿದೆ. ವಾರ್ಡಿನ ಮೆಂಬರ್ ಫೋನ್ ಎತ್ತುವುದಿಲ್ಲ. ಎದುರು ಸಿಕ್ಕಿದಾಗ ಕೇಳಿದರೆ ನಾಲ್ಕು ಜನರ ಮುಂದೆ ಗದರಿದರು. ಪಕ್ಕದ ರಸ್ತೆಯ ಕೆಲಸ ಅವರ ತಮ್ಮನಿಗೇ ಸಿಕ್ಕಿದೆ. ಕೊನೆಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು: 'ಇದು ದುರ್ನಡತೆ. ಇವರನ್ನು ಕೂಡಲೇ ತೆಗೆದುಹಾಕಬೇಕು.'

ಸಿಟ್ಟು ನ್ಯಾಯವಾದದ್ದೇ. ಆದರೆ ಆ ಎರಡು ಪುಟದಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಒಂದೇ ಚೀಲಕ್ಕೆ ಬಿದ್ದಿದ್ದವು. ನಾಲ್ಕಕ್ಕೂ ಒಂದೇ ಹೆಸರು ಕೊಟ್ಟರೆ ನಾಲ್ಕೂ ಕೆಡುತ್ತವೆ. ಅದಕ್ಕೇ ಈ ಪದದ ಬಗ್ಗೆ ಬರೆಯಬೇಕು ಅನಿಸಿತು.

ನಡತೆ ಎಂದರೆ ನಮಗೆ ಮೊದಲು ನೆನಪಾಗುವುದು ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರ. ಅದರಲ್ಲಿ 'ನಡತೆ: ಉತ್ತಮ' ಎಂದು ಬರೆದಿರುತ್ತಾರೆ. ಅಲ್ಲಿ ನಡತೆ ಅಂದರೆ ಇಡೀ ಮನುಷ್ಯ, ಅವನ ಗುಣ. ಮಾತಿನಲ್ಲೂ ಹಾಗೇ ಅಲ್ವಾ, 'ಅವನ ನಡತೆ ಸರಿಯಿಲ್ಲ' ಎಂದರೆ ಆ ಮನುಷ್ಯನೇ ಸರಿಯಿಲ್ಲ ಎಂದು. ಕಾನೂನಿನ ದುರ್ನಡತೆ ಇಷ್ಟು ಅಗಲ ಇಲ್ಲ. ಅದು ಗುಣದ ಬಗ್ಗೆ ಕೇಳುವುದಿಲ್ಲ, ಒಂದು ಕೃತ್ಯದ ಬಗ್ಗೆ ಕೇಳುತ್ತದೆ. ಏನು ಮಾಡಿದರು? ಯಾವ ದಿನ? ಸದಸ್ಯರಾಗಿ ಕೆಲಸ ಮಾಡುತ್ತಿದ್ದಾಗ ಮಾಡಿದ್ದೇ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಶಿರಸಿ, ದಾಂಡೇಲಿಯ ನಗರಸಭೆಗಳಿಗೂ, ಕುಮಟಾ, ಅಂಕೋಲೆಯಂಥ ಪುರಸಭೆಗಳಿಗೂ, ಹೊನ್ನಾವರದಂಥ ಪಟ್ಟಣ ಪಂಚಾಯಿತಿಗಳಿಗೂ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಅದರ 41ನೇ ಕಲಂ ಸದಸ್ಯರನ್ನು ತೆಗೆದುಹಾಕುವ ವಿಷಯ ಹೇಳುತ್ತದೆ. ಕರ್ತವ್ಯ ಮಾಡುವಾಗಿನ ದುರ್ನಡತೆ, ಇಲ್ಲವೇ ನಾಚಿಕೆಗೇಡಿನ ವರ್ತನೆ ಸಾಬೀತಾದರೆ ಸರ್ಕಾರ ಸದಸ್ಯರನ್ನು ತೆಗೆಯಬಹುದು. ಅದಕ್ಕೆ ಮೊದಲು ವಿಚಾರಣೆ ಆಗಬೇಕು, ಅವರ ಮಾತನ್ನೂ ಕೇಳಬೇಕು. ಗ್ರಾಮ ಪಂಚಾಯತ್ ಸದಸ್ಯರಿಗೆ ಈ ಕಾಯ್ದೆ ಅಲ್ಲ, 1993ರ ಪಂಚಾಯತ್ ರಾಜ್ ಕಾಯ್ದೆ ಇದೆ. ಪೇಟೆಯ ಅಂಚಿನಲ್ಲಿ ಮನೆ ಇದ್ದವರು ತಾವು ಯಾವುದರ ಒಳಗೆ ಬರುತ್ತೇವೆ ಎಂದು ಮೊದಲು ನೋಡಿಕೊಳ್ಳಬೇಕು.

ಆದರೆ ದುರ್ನಡತೆ ಎಂದರೆ ಯಾವುದು? ಅದಕ್ಕೆ ಅಳತೆಕೋಲಿನಂಥ ವ್ಯಾಖ್ಯೆ ಇಲ್ಲ. 1992ರಲ್ಲಿ ಪಂಜಾಬಿನ ಒಬ್ಬ ಪೊಲೀಸ್ ಪೇದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಈ ಪದವನ್ನು ಒಂದೇ ವಾಕ್ಯದಲ್ಲಿ ಕಟ್ಟಿಹಾಕಲು ಆಗುವುದಿಲ್ಲ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು ಎಂದಿತು. ಗೊತ್ತಿದ್ದೂ ನಿಯಮ ಮೀರಿದರೆ ಅದು ದುರ್ನಡತೆ. ಬರೀ ತಪ್ಪು ಲೆಕ್ಕಾಚಾರ, ಅಜಾಗರೂಕತೆ ಅಲ್ಲ. ಸುಮ್ನೆ ಕೆಲಸ ಮಾಡದೆ ಕೂರುವ ಮೆಂಬರ್ ಮೇಲೆ ನಮಗೆ ಎಷ್ಟೇ ಬೇಜಾರಿದ್ದರೂ, ಸೋಮಾರಿತನವನ್ನು ಅಷ್ಟು ಸುಲಭವಾಗಿ ದುರ್ನಡತೆ ಅನ್ನಲು ಬರುವುದಿಲ್ಲ. ಅದಕ್ಕೆ ಉತ್ತರ ಮುಂದಿನ ಚುನಾವಣೆ.

ಆರಿಸಿ ಬಂದವರ ವಿಷಯದಲ್ಲಿ ಕೋರ್ಟು ಇನ್ನೂ ಬಿಗಿ. ನಮ್ಮ ಕರಾವಳಿಯಿಂದಲೇ ಬಡಗಕ್ಕೆ ಹೋದರೆ ರಾಯಗಡ ಜಿಲ್ಲೆಯ ಉರಣ ಸಿಗುತ್ತದೆ. ಅಲ್ಲಿನ ಪುರಸಭೆಯ ಅಧ್ಯಕ್ಷರನ್ನು ತೆಗೆದು, ಆರು ವರ್ಷ ಅನರ್ಹ ಮಾಡಿದ ಆದೇಶವನ್ನು 2012ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಜನ ಕೊಟ್ಟ ಜಾಗದಿಂದ ಒಬ್ಬರನ್ನು ಸಣ್ಣ ಕಾರಣಕ್ಕೆ ಇಳಿಸಬಾರದು, ಪುರಾವೆ ಗಟ್ಟಿಯಾಗಿರಬೇಕು ಎಂಬುದು ಅದರ ತಿರುಳು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ದೂರು ಕೊಟ್ಟವರು ಆ ಜಗಳದ ಕಕ್ಷಿದಾರರಲ್ಲ. ವಿಷಯ ತಿಳಿಸಿ ಸಾಕ್ಷಿ ಹೇಳಬಹುದು, ಅಷ್ಟೇ. ಇದು ಅನೇಕರಿಗೆ ನೋವು ತರುವ ಸಂಗತಿ. 'ನನ್ನ ಕೇಸು ಏನಾಯಿತು?' ಎಂದು ತಿಂಗಳುಗಟ್ಟಲೆ ಅಲೆಯುತ್ತಾರೆ. ಅರ್ಜಿ ಒಳಗೆ ಹೋದ ಮೇಲೆ ಅದು ಅವರ ಕೇಸಲ್ಲ, ಸರ್ಕಾರದ ವಿಚಾರಣೆ. ಈ ತೀರ್ಪು ನನಗೆ ಸರಿ ಅನಿಸುತ್ತದೆ. ಸೋತ ಅಭ್ಯರ್ಥಿ ಒಂದು ಅರ್ಜಿ ಬರೆದು ಗೆದ್ದವರನ್ನು ಮನೆಗೆ ಕಳಿಸುವ ಹಾಗಿದ್ದರೆ ಮತ ಹಾಕಿದ ನಮ್ಮ ಗತಿ ಏನು?

ಈಗ ಆ ಅರ್ಜಿಯ ಚೀಲ ಬಿಚ್ಚೋಣ.

ಗಟಾರ ಕಟ್ಟಿದ್ದು ಅಹವಾಲು, ಅಂದರೆ ಕುಂದುಕೊರತೆ. ಅದು ಮೆಂಬರ್ ಮೇಲಿನ ದೂರೇ ಅಲ್ಲ. ಗಟಾರ ಸ್ವಚ್ಛ ಮಾಡಿಸುವ ಅಧಿಕಾರ ನಗರಸಭೆಯಲ್ಲಿ ಪೌರಾಯುಕ್ತರದ್ದು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಯದ್ದು. ಮೆಂಬರ್ ಒತ್ತಾಯ ಮಾಡಬಹುದು, ಸಭೆಯಲ್ಲಿ ಎತ್ತಬಹುದು. ಫೋನ್ ಎತ್ತದಿರುವುದು ಸೌಜನ್ಯವಲ್ಲ, ಆದರೆ ಕಾನೂನು ಅಲ್ಲಿಗೆ ಬರುವುದಿಲ್ಲ. ಗದರಿದ್ದು? ಎಲ್ಲಿ, ಯಾವ ಮಾತು, ಎಷ್ಟರ ಮಟ್ಟಿಗೆ ಎಂಬುದರ ಮೇಲೆ ಹೋಗುತ್ತದೆ. ಬೆದರಿಕೆ ಹಾಕಿದ್ದರೆ, ಕೈ ಮಾಡಿದ್ದರೆ ಪೊಲೀಸ್ ಠಾಣೆಗೆ ಹೋಗಬೇಕು.

ತಮ್ಮನ ಗುತ್ತಿಗೆಯೇ ನಿಜವಾದ ತೂಕದ ವಿಷಯ. ಆದರೆ ಅದಕ್ಕೆ ಹೆಚ್ಚು ಹೊಂದುವ ಪದ ದುರ್ನಡತೆಯಲ್ಲ, ಅನರ್ಹತೆ. ಸದಸ್ಯರಿಗೆ ಸ್ವಂತವಾಗಿಯೋ ಪಾಲುದಾರರ ಮೂಲಕವೋ, ನೇರವಾಗಿಯೋ ಸುತ್ತುಬಳಸಿಯೋ ಅದೇ ಸಂಸ್ಥೆಯ ಗುತ್ತಿಗೆಯಲ್ಲಿ ಪಾಲು ಇರಬಾರದು. ಇಲ್ಲಿ ಗುಣ, ಉದ್ದೇಶ ಎಲ್ಲ ಬೇಡ, ಪಾಲು ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಗುತ್ತಿಗೆದಾರ ತಮ್ಮನಾದ ಮಾತ್ರಕ್ಕೆ ಅಣ್ಣ ಅನರ್ಹ ಆಗುವುದಿಲ್ಲ. ಅಣ್ಣನಿಗೆ ಅದರಲ್ಲಿ ಲಾಭದ ಕೈ ಇದೆ ಎಂದು ತೋರಿಸಬೇಕು. ಬೆಳಗಾವಿಯಲ್ಲಿ 2025ರಲ್ಲಿ ಪಾಲಿಕೆಯ ಮಳಿಗೆಗಳು ಪತ್ನಿಯರ ಹೆಸರಿನಲ್ಲಿದ್ದ ಕಾರಣಕ್ಕೆ ಇಬ್ಬರು ಸದಸ್ಯರ ಸದಸ್ಯತ್ವವನ್ನು ಪ್ರಾದೇಶಿಕ ಆಯುಕ್ತರು ರದ್ದು ಮಾಡಿದರು. ಅದರ ಮೇಲೆ ಮೇಲ್ಮನವಿಯೂ ಹೋಯಿತು. ಮಹಾನಗರಪಾಲಿಕೆಗೆ ಬೇರೆ ಕಾಯ್ದೆ, ಆದರೆ ಪ್ರಶ್ನೆ ಇದೇ ಜಾತಿಯದು.

ಇದರ ಪಕ್ಕದಲ್ಲೇ ಲಂಚ ನಿಲ್ಲುತ್ತದೆ. ಮೆಂಬರ್ ಏನು ಸರ್ಕಾರಿ ನೌಕರನೇ ಎಂದು ಕೆಲವರು ಕೇಳುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆಯ ಮಟ್ಟಿಗೆ ಪುರಸಭೆ ಸದಸ್ಯರೂ ಸಾರ್ವಜನಿಕ ನೌಕರರೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಸ್ಪಷ್ಟ ಮಾಡಿದೆ. ಸಹಿ ಹಾಕಿಸಿಕೊಡಲು ದುಡ್ಡು ಕೇಳಿದರೆ ದುರ್ನಡತೆ ಎಂದು ಬರೆಯುತ್ತಾ ಕೂರಬೇಡಿ. ದುಡ್ಡು ಕೈ ದಾಟುವ ಮೊದಲೇ ಕಾರವಾರದ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ಬೆಂಗಳೂರಿನ ಲೋಕಾಯುಕ್ತ ಕಚೇರಿಗೆ ಕೊಡುವ ದೂರಾದರೆ ಅದಕ್ಕೆ ನಮೂನೆ ಇದೆ, ಜೊತೆಗೆ ಪ್ರಮಾಣಪತ್ರ, ಅಂದರೆ ಅಫಿಡವಿಟ್ ಬೇಕು. 1984ರ ಲೋಕಾಯುಕ್ತ ಕಾಯ್ದೆ ಕುಂದುಕೊರತೆಯನ್ನೂ ಆಪಾದನೆಯನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಐದು ವರ್ಷಕ್ಕಿಂತ ಹಳೆಯ ಕೃತ್ಯದ ಆಪಾದನೆಯನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಅಪ್ಪಟ ದುರ್ನಡತೆಗೆ ಉದಾಹರಣೆ? ಸಭೆಯಲ್ಲಿ ಆಗದ ಠರಾವನ್ನು, ಅಂದರೆ ನಿರ್ಣಯವನ್ನು, ಆಗಿದೆ ಎಂದು ತೋರಿಸಲು ಸದಸ್ಯರೊಬ್ಬರು ನಡಾವಳಿ ತಿದ್ದಿಸಿದರು ಅಂದುಕೊಳ್ಳಿ. ಇಲ್ಲವೇ ಬಡವರ ಮನೆಯ ಫಲಾನುಭವಿ ಪಟ್ಟಿಗೆ ಅರ್ಹರಲ್ಲದವರ ಹೆಸರು ಗೊತ್ತಿದ್ದೇ ಸೇರಿಸಿದರು. ಇಲ್ಲಿ ಸದಸ್ಯ ಎಂಬ ಸ್ಥಾನ ಇದೆ, ಗೊತ್ತಿದ್ದೂ ಮಾಡಿದ ಕೃತ್ಯ ಇದೆ, ತೋರಿಸಲು ಕಾಗದ ಇದೆ.

ಕಾಗದ ಸಿಗುವುದು ಹೇಗೆ? ಮಾಹಿತಿ ಹಕ್ಕಿನಲ್ಲಿ. ಹತ್ತು ರೂಪಾಯಿ, 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 'ಇಂಥ ತಾರೀಖಿನ ಸಾಮಾನ್ಯ ಸಭೆಯ ನಡಾವಳಿ ಮತ್ತು ಹಾಜರಿ ಪ್ರತಿ' ಎಂದು ಕೇಳಿದರೆ ಸಾಕು. ಠರಾವಿನ ಪ್ರತಿಯೂ ಬೇಕಾದರೆ ಠರಾವು ಎಂದೇ ಬರೆಯಿರಿ. 1956ರವರೆಗೆ ಮುಂಬೈ ಪ್ರಾಂತ್ಯದ ಜೊತೆ ಇದ್ದ ನಮ್ಮ ಜಿಲ್ಲೆಯಲ್ಲಿ ಈ ಮಾತು ಕಚೇರಿಯಲ್ಲೂ ಮನೆಯಲ್ಲೂ ಇವತ್ತಿಗೂ ಬಾಳುತ್ತಿದೆ. ಪ್ರತಿ ಕೈಗೆ ಬಂದ ಮೇಲೆ ದೂರನ್ನು ಕಾರವಾರದ ಜಿಲ್ಲಾಧಿಕಾರಿಗಳಿಗೆ ಕೊಡಿ. ಪಟ್ಟಣಗಳ ಆಡಳಿತ ನೋಡುವ ಜಿಲ್ಲಾ ನಗರಾಭಿವೃದ್ಧಿ ಕೋಶ ಆ ಕಚೇರಿಯಲ್ಲೇ ಇದೆ. ಒಂದು ಪ್ರತಿಯನ್ನು ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಕ್ಕೂ ಕಳಿಸಬಹುದು.

ದೂರು ಕೊಟ್ಟರೆ ಮಾನನಷ್ಟದ ಕೇಸು ಹಾಕುತ್ತಾರೆ ಎಂದು ಹೆದರುವವರು ಜಾಸ್ತಿ. ಅಧಿಕಾರ ಇರುವ ಕಚೇರಿಗೆ ಪ್ರಾಮಾಣಿಕವಾಗಿ ನಂಬಿ ಕೊಟ್ಟ ದೂರು ಮಾನನಷ್ಟ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲೇ ಈ ವಿನಾಯಿತಿ ಇದೆ. ಸುಳ್ಳು ಎಂದು ಗೊತ್ತಿದ್ದೂ ಕೊಟ್ಟರೆ ಮಾತ್ರ 217ನೇ ಕಲಂ ಬರುತ್ತದೆ. ಅದೇ ಆರೋಪವನ್ನು ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಆ ವಿನಾಯಿತಿ ಸಿಗುವುದಿಲ್ಲ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಗುಂಪಿನಲ್ಲಿ ಧೈರ್ಯವಾಗಿ ಬರೆಯುತ್ತಾರೆ, ಕಚೇರಿಗೆ ಹೋಗಲು ಹಿಂಜರಿಯುತ್ತಾರೆ.

ಆ ಪರಿಚಯದವರ ಜೊತೆ ಕೂತು ಎರಡು ಪುಟವನ್ನು ಎರಡು ಅರ್ಜಿ ಮಾಡಿದೆವು. ಗಟಾರದ್ದು ಆರು ಸಾಲು, ಫೋಟೋ ಸಮೇತ. ಇನ್ನೊಂದು ಮಾಹಿತಿ ಹಕ್ಕಿನದು, ಆ ರಸ್ತೆಯ ಟೆಂಡರ್ ಕಡತಕ್ಕೆ. 'ತೆಗೆದುಹಾಕಬೇಕು' ಎಂಬ ಸಾಲನ್ನು ಅವರೇ ಹೊಡೆದು ಹಾಕಿದರು, ಕಡತ ನೋಡಿದ ಮೇಲೆ ಬರೆದರಾಯಿತು ಎಂದು. ಮರುದಿನ ಮಳೆಯಲ್ಲೇ ಹೋಗಿ ಎರಡೂ ಕೊಟ್ಟು, ಆವಕ ಸಂಖ್ಯೆ ಬರೆದು ಮೊಹರು ಹಾಕಿದ ಪ್ರತಿಗಳನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಮನೆಗೆ ತಂದರು.