ನಳಿಗೆಯ ಹೊಟ್ಟೆಯಡಿ ಬರೆದ ಜಾತಕ: ಜರ್ಮನಿಯ ಹಳೆ ಬೇಟೆ ಕೋವಿಗಳ ಹಿನ್ನೆಲೆ

ಹಳೆಯ ಜರ್ಮನ್ ಬೇಟೆ ಕೋವಿ ಕೈಗೆ ಬಂದರೆ ಪಳಗಿದ ಸಂಗ್ರಹಕಾರ ಅದನ್ನು ಹೆಗಲಿಗಿಟ್ಟು ಗುರಿ ನೋಡುವುದಿಲ್ಲ. ಪಕ್ಕದಲ್ಲಿ ಕೆತ್ತಿದ ಜಿಂಕೆ, ಓಕ್ ಎಲೆಗಳ ಕಡೆಗೂ ಅವನ ಕಣ್ಣು ಹೋಗುವುದಿಲ್ಲ. ಖಾಲಿ ಇದೆ ಅಂತ ಖಾತ್ರಿ ಮಾಡಿಕೊಳ್ಳುತ್ತಾನೆ. ನಳಿಗೆ ಕಳಚಿ ಬೋರಲು ಹಾಕುತ್ತಾನೆ. ಆಮೇಲೆ ಕನ್ನಡಕ ಏರಿಸುತ್ತಾನೆ. ಅಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಮುದ್ರೆಗಳಿರುತ್ತವೆ. ಒಂದು ಕಿರೀಟ, ಅದರ ಕೆಳಗೊಂದು ಅಕ್ಷರ, ಪಕ್ಕದಲ್ಲಿ ನಳಿಗೆಯ ಅಳತೆ. ಎಲ್ಲೋ ಮೂಲೆಯಲ್ಲಿ '10.23'. ಅಂದರೆ 1923ರ ಅಕ್ಟೋಬರ್‌ನಲ್ಲಿ ಈ ಕೋವಿ ಸರ್ಕಾರಿ ಪರೀಕ್ಷೆ ಪಾಸಾಗಿದೆ.

ಮಾಡಿದವರ ಹೆಸರು ಮಾತ್ರ ಎಷ್ಟೋ ಸಲ ಇರುವುದೇ ಇಲ್ಲ. ಇದಕ್ಕೆ ಕಾರಣ ಜರ್ಮನಿಯ ನಡುಭಾಗದ ತುರಿಂಗಿಯಾ ಬೆಟ್ಟಗಳಲ್ಲಿರುವ ಜೂಲ್ ಎಂಬ ಊರು. ಅಲ್ಲಿ, ಪಕ್ಕದ ಚೆಲ್ಲಾ-ಮೇಲಿಸ್‌ನಲ್ಲಿ, ಕೋವಿ ಕೆಲಸ ಮನೆಮನೆಯ ಕಸುಬಾಗಿತ್ತು. ಒಬ್ಬ ನಳಿಗೆ ಕೊರೆದರೆ ಇನ್ನೊಬ್ಬ ಗುಂಡು ಹಾರಿಸುವ ಯಂತ್ರದ ಭಾಗಗಳಿಗೆ ಅರ ಹಾಕುತ್ತಿದ್ದ, ಮತ್ತೊಬ್ಬ ವಾಲ್‌ನಟ್ ಮರದ ಹಿಡಿ ಕೂರಿಸುತ್ತಿದ್ದ, ಕೊನೆಗೆ ಕೆತ್ತನೆಯವನ ಸರದಿ. ನಮ್ಮ ಇಳಕಲ್ ಸೀರೆಯ ಹಾಗೆಯೇ ಅನ್ನಿ. ನೇಯ್ದವರ ಹೆಸರು ಸೀರೆ ಮೇಲೆ ಎಲ್ಲಿರುತ್ತೆ? ಬರ್ಲಿನ್‌ನ ಅಂಗಡಿಯವನು ಬೇಕಾದರೆ ತನ್ನ ಹೆಸರು ಕೆತ್ತಿಸಿಕೊಳ್ಳುತ್ತಿದ್ದ. ಅಮೆರಿಕದ ಸಂಗ್ರಹಕಾರರು ಹೆಸರಿಲ್ಲದ ಇವನ್ನು 'ಗಿಲ್ಡ್ ಗನ್' ಅನ್ನುತ್ತಾರೆ. ಹೆಸರು ಚೆನ್ನಾಗಿದೆ, ಆದರೆ ತಪ್ಪು. ಈ ಕೋವಿಗಳ ಕಾಲಕ್ಕೆ ಗಿಲ್ಡ್, ಅಂದರೆ ಕಸುಬುದಾರರ ಸಂಘದ ವ್ಯವಸ್ಥೆ ಮುಗಿದು ಹೋಗಿತ್ತು.

ಹೆಸರಿಲ್ಲದಿದ್ದರೂ ಜಾತಕ ಉಳಿದದ್ದು 1891ರ ಕಾನೂನಿನಿಂದ. 1893ರಲ್ಲಿ ಜಾರಿಗೆ ಬಂದ ಇದರ ಪ್ರಕಾರ ಪ್ರತಿ ನಳಿಗೆಯನ್ನೂ ಜಾಸ್ತಿ ಮದ್ದು ತುಂಬಿ ಹೊಡೆದು ಪರೀಕ್ಷಿಸಿ ಮುದ್ರೆ ಒತ್ತಬೇಕಿತ್ತು. 1940ರಿಂದ ಕಿರೀಟದ ಜಾಗಕ್ಕೆ ನಾಜಿಗಳ ಹದ್ದು ಬಂತು. ಕಿರೀಟವೋ ಹದ್ದೋ ಅಂತ ನೋಡಿದರೆ ಸಾಕು, ಅರ್ಧ ವಯಸ್ಸು ಗೊತ್ತಾಗುತ್ತದೆ.

ಈ ಊರುಗಳ ಹೆಸರು ಮೆರೆಸಿದ್ದು ಡ್ರಿಲಿಂಗ್, ಅಂದರೆ ಮೂರು ನಳಿಗೆಯ ಕೋವಿ. ನಮ್ಮ ಮಲೆನಾಡಿನವರಿಗೆ ಜೋಡುನಳಿಗೆ ಗೊತ್ತು. ಇದರಲ್ಲಿ ಚರೆಗೆ ಎರಡು ನಳಿಗೆ, ಅವುಗಳ ಕೆಳಗೆ ಗುಂಡಿಗೆ ಇನ್ನೊಂದು. ಇಂಥದ್ದು ಯಾಕೆ ಬೇಕಾಯ್ತು? 1848ರ ಕ್ರಾಂತಿಯವರೆಗೆ ಬೇರೆಯವರ ಜಮೀನಿನಲ್ಲೂ ಬೇಟೆಯಾಡುವ ಹಕ್ಕು ದೊರೆಗಳಿಗಿತ್ತು. ಬೆಳೆ ಹಾಳಾದರೂ ರೈತ ಸುಮ್ನೆ ನೋಡುತ್ತಿರಬೇಕಿತ್ತು. ಕ್ರಾಂತಿ ಆ ಹಕ್ಕನ್ನು ಜಮೀನಿನ ಒಡೆತನಕ್ಕೆ ಕಟ್ಟಿತು. ವೈದ್ಯರು, ವ್ಯಾಪಾರಿಗಳು ಊರಿನ ಬೇಟೆ ಪ್ರದೇಶವನ್ನು ಗುತ್ತಿಗೆ ಹಿಡಿಯತೊಡಗಿದರು. ದೊರೆಗಾದರೆ ಹಿಂದೆ ನಾಲ್ಕು ಕೋವಿ ಹೊರಲು ಆಳುಗಳಿದ್ದರು. ಇವರು ಒಬ್ಬರೇ ನಡೆಯುವವರು. ಒಂದು ಸುತ್ತಿನಲ್ಲಿ ಮೊಲ ಎದ್ದೀತು, ನರಿ ಸಿಕ್ಕೀತು, ಕಾಡುಹಂದಿ ನುಗ್ಗೀತು. ಎಲ್ಲಕ್ಕೂ ಒಂದೇ ಕೋವಿ ಸಾಕಾಗಬೇಕು.

ಇನ್ನೊಂದು ಕವಲು ಮೌಸರ್. ನೆಕ್ಕಾರ್ ನದಿ ದಂಡೆಯ ಓಬರ್ನ್‌ಡಾರ್ಫ್‌ನ ಈ ಕಾರ್ಖಾನೆ 1898ರಲ್ಲಿ ಸೈನ್ಯಕ್ಕೆ ಕೊಟ್ಟ ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಬಿಗಿಯುವ ಅಗುಳಿ) ರಚನೆಯನ್ನೇ ಬೇಟೆ ರೈಫಲ್‌ಗೂ ಬಳಸಿತು. ಜಿಮ್ ಕಾರ್ಬೆಟ್ ಗೊತ್ತಲ್ವಾ? ಚಂಪಾವತ್‌ನ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದಿದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಅವರಿಗೆ ಒಂದು ರಿಗ್ಬಿ ರೈಫಲ್ ಕೊಟ್ಟರು. ಹೆಸರು ಲಂಡನ್ನಿನದು, ಒಳಗಿನ ಬೋಲ್ಟ್ ಮೌಸರ್‌ನದು. ಅದರ '.275 ರಿಗ್ಬಿ' ತೋಟೆ ಕೂಡ ಜರ್ಮನ್ನರ 7x57 ತೋಟೆಗೆ ಇಂಗ್ಲಿಷರಿಟ್ಟ ಹೆಸರು. (ಮೊದಲ ಅಂಕಿ ನಳಿಗೆಯ ಅಳತೆ, ಎರಡನೆಯದು ತೋಟೆಯ ಕೋಶದ ಉದ್ದ, ಎರಡೂ ಮಿ.ಮೀ.ನಲ್ಲಿ.)

ಸಂಗ್ರಹಕಾರರ ನಿದ್ದೆ ಕೆಡಿಸುವುದು ಬೇರೆ ತೋಟೆ, 8x57. 1888ರಲ್ಲಿ ಅದು ಹುಟ್ಟಿದಾಗ ಗುಂಡಿನ ದಪ್ಪ ಸುಮಾರು 8.08 ಮಿ.ಮೀ. 1905ರಲ್ಲಿ ಸೈನ್ಯ ಚೂಪು ಮೂತಿಯ ಹೊಸ ಗುಂಡು ತಂದಿತು, ದಪ್ಪ 8.20. ವ್ಯತ್ಯಾಸ ಕೂದಲೆಳೆಯಷ್ಟು. ತೋಟೆಯ ಹೊರ ಅಳತೆ ಮಾತ್ರ ಹೆಚ್ಚುಕಮ್ಮಿ ಅದೇ. ಬೇಟೆ ಕೋವಿಯವರು ಹಳೆ ಅಳತೆಯನ್ನು ದಶಕಗಳ ಕಾಲ ಬಿಡಲಿಲ್ಲ. ಹಾಗಾಗಿ ಹೊಸ ತೋಟೆ ಹಳೆ ಕೋವಿಯೊಳಗೆ ಕೂರಬಹುದು, ಆದರೆ ಗುಂಡು ಬಿಗಿಯಾಗಿ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಹಳೆಯದಕ್ಕೆ 'ಜೆ', ಹೊಸದಕ್ಕೆ 'ಎಸ್' ಅಂತ ಗುರುತು. ತಮಾಷೆಯೆಂದರೆ ಆ 'ಜೆ' ನಿಜಕ್ಕೂ 'ಐ'. ಇನ್‌ಫೆಂಟರಿ, ಅಂದರೆ ಕಾಲಾಳು ಪಡೆಯ 'ಐ' ಹಳೆ ಜರ್ಮನ್ ಅಚ್ಚಿನಲ್ಲಿ 'ಜೆ' ಥರ ಕಾಣುತ್ತಿತ್ತು, ಹಾಗೇ ಉಳಿಯಿತು. ಅಮೆರಿಕದ ತೋಟೆ ಕಂಪನಿಗಳು ಈ ಗೊಂದಲದ ಭಯಕ್ಕೇ ತಮ್ಮ '8 ಎಂಎಂ ಮೌಸರ್' ತೋಟೆಯನ್ನು ಸಪ್ಪೆಯಾಗಿ ತುಂಬುತ್ತಾ ಬಂದಿವೆ. ಎಚ್ಚರಿಕೆಯವರು ಮುದ್ರೆಯನ್ನೂ ಪೂರ್ತಿ ನಂಬುವುದಿಲ್ಲ. ಮೆತ್ತನೆ ಸೀಸದ ತುಂಡನ್ನು ನಳಿಗೆಯೊಳಗೆ ತಳ್ಳಿ, ಹೊರಬಂದ ಮೇಲೆ ಅಳೆಯುತ್ತಾರೆ.

ಮೊದಲ ಮಹಾಯುದ್ಧ ಸೋತ ಮೇಲೆ ಜರ್ಮನಿಗೆ ಸೈನ್ಯದ ಅಳತೆಯ ತೋಟೆಯೇ ತೊಡಕಾಯಿತು, ಅದರ ಮೇಲೆ ನಿರ್ಬಂಧ ಬಂತು ಅನ್ನುತ್ತಾರೆ. ತೋಟೆ ಕೂರುವ ಜಾಗವನ್ನು ಮೂರು ಮಿ.ಮೀ. ಉದ್ದ ಕೊರೆದು 8x60 ಮಾಡಿಕೊಂಡರು ಅಂತ ಸಂಗ್ರಹಕಾರರು ಹೇಳುತ್ತಾರೆ. ಇಂಥ ಉಪಾಯ ಹೊಸದಲ್ಲ. ಬ್ರಿಟಿಷರು ಭಾರತದಲ್ಲಿ .450 ಇಂಚಿನ ಅಳತೆ ನಿಷೇಧಿಸಿದಾಗ ಲಂಡನ್ನಿನವರು .470 ಹುಟ್ಟಿಸಿರಲಿಲ್ಲವೇ?

ಜೂಲ್‌ನ ಸಿಮ್ಸನ್ ಕಂಪನಿಯ ಕಥೆ ಮಾತ್ರ ಕಹಿ. ಯೆಹೂದಿ ಕುಟುಂಬದ್ದು, 1856ರಲ್ಲಿ ಶುರುವಾದದ್ದು. ನಾಜಿಗಳು 1930ರ ದಶಕದ ನಡುವೆ ಅದನ್ನು ಕಿತ್ತುಕೊಂಡರು, ಮನೆಯವರು ದೇಶ ಬಿಟ್ಟು ಅಮೆರಿಕ ಸೇರಿದರು. ಯುದ್ಧದ ನಂತರ ಪೂರ್ವ ಜರ್ಮನಿ ಅದೇ ಹೆಸರಿನಲ್ಲಿ ಮೊಪೆಡ್ ಮಾರಿತು. ಇವತ್ತು ಸಿಮ್ಸನ್ ಅಂದರೆ ಜರ್ಮನ್ನರಿಗೆ ನೆನಪಾಗುವುದು ಗಾಡಿ, ಕೋವಿಯಲ್ಲ.

1945ರ ಏಪ್ರಿಲ್‌ನಲ್ಲಿ ಅಮೆರಿಕನ್ ಸೈನ್ಯ ಜೂಲ್‌ಗೆ ಬಂತು, ಜುಲೈನಲ್ಲಿ ಸೋವಿಯತ್ ಸೈನ್ಯಕ್ಕೆ ಬಿಟ್ಟುಕೊಟ್ಟಿತು. ಜನ ಮನೆಯಲ್ಲಿದ್ದ ಕೋವಿಗಳನ್ನೆಲ್ಲ ಒಪ್ಪಿಸಬೇಕಾಯ್ತು. ಅಜ್ಜನ ಡ್ರಿಲಿಂಗ್‌ಗಳು ರಾಶಿ ಬಿದ್ದವು. ಸೈನಿಕರು ಒಂದೊಂದು ಆರಿಸಿ, ಅಧಿಕಾರಿಯ ಸಹಿ ಹಾಕಿಸಿಕೊಂಡು ಊರಿಗೆ ಒಯ್ದರು. ಡ್ರಿಲಿಂಗ್ ಎರಡು ತುಂಡಾಗಿ ಕಳಚುವುದರಿಂದ ಬಟ್ಟೆ ಚೀಲದಲ್ಲಿ ಹಿಡಿಸುತ್ತಿತ್ತು. ಉದ್ದದ ಸೈನಿಕ ರೈಫಲ್ ಹಿಡಿಸದಿದ್ದರೆ ಮರವನ್ನೇ ಗರಗಸದಿಂದ ಕೊಯ್ಯುತ್ತಿದ್ದರು. ನಳಿಗೆ ಸುತ್ತಿನ ಕಬ್ಬಿಣದ ಪಟ್ಟಿಯಡಿ ಆ ಗೆರೆ ಮುಚ್ಚಿಹೋಗುತ್ತದೆ. ಪಟ್ಟಿ ಸರಿಸಿ ನೋಡಿದವನಿಗೆ ಮಾತ್ರ ಕಾಣುತ್ತದೆ. ಅದಕ್ಕೆ 'ಡಫಲ್ ಕಟ್' ಅಂತಲೇ ಹೆಸರು, ಡಫಲ್ ಅಂದರೆ ಆ ಬಟ್ಟೆ ಚೀಲ. ಹಳೆ ಜರ್ಮನ್ ಕೋವಿಯ ಹುಚ್ಚು ಅಮೆರಿಕದಲ್ಲಿ ಇಷ್ಟೊಂದು ಬೆಳೆಯಲು ಆ ಚೀಲಗಳೇ ದೊಡ್ಡ ಕಾರಣ. ನಮ್ಮಲ್ಲಾದರೆ 2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸ್ ಇದ್ದರೂ ಸಾಮಾನ್ಯವಾಗಿ ಎರಡೇ ಕೋವಿ.

ಜರ್ಮನಿಯಲ್ಲಿ ಈಗ ಸಂಗ್ರಹಕಾರನಿಗೆ ಕೆಂಪು ಪರವಾನಗಿ ಬೇಕು. ತನ್ನ ಸಂಗ್ರಹಕ್ಕೆ ಸಾಂಸ್ಕೃತಿಕ ಮಹತ್ವ ಇದೆ, ಅದಕ್ಕೊಂದು ವಿಷಯವಿದೆ ಅಂತ ತೋರಿಸಿಕೊಡಬೇಕು. ತಾತನಿಂದ ಬಂದ ಕೋವಿಯನ್ನು ಸುಮ್ನೆ ಇಟ್ಟುಕೊಳ್ಳಲು ಹೋದರೆ, ಬೇಟೆ ಪರವಾನಗಿಯಂಥದ್ದು ಇಲ್ಲದವರು ನಳಿಗೆಗೆ ಬೀಗ ಹಾಕಿಸಬೇಕು. ಬೇಡಪ್ಪಾ ಈ ತಲೆನೋವು ಅಂತ ಮಾರುವವರಿದ್ದಾರೆ. ಮಾರುವವರು ಜಿಂಕೆ ಕೆತ್ತನೆಯ ಫೋಟೋ ಹತ್ತು ತೆಗೆದು ಹಾಕುತ್ತಾರೆ. ಕೊಳ್ಳುವವನು ಕೇಳುವುದು ಒಂದೇ: ನಳಿಗೆ ಬೋರಲು ಹಾಕಿದ ಫೋಟೋ ಎಲ್ಲಿ?