ಬೇಸ್ ಗಿಟಾರ್ ಹೆಡ್‌ಸ್ಟಾಕ್ ಲೋಗೋ ತೆಗೀಬೇಕಾ? ಮೊದ್ಲು ಉಗುರಲ್ಲಿ ಸವರಿ ನೋಡಿ

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಬೇಸ್ ತಗೊಂಡಿದೀನಿ, ಸೌಂಡ್ ತುಂಬಾ ಇಷ್ಟ ಆಯ್ತು, ಹೆಡ್‌ಸ್ಟಾಕ್ (ತಂತಿ ಬಿಗಿಯೋ ತುದಿ) ಮೇಲಿರೋ ಲೋಗೋ ಮಾತ್ರ ಇಷ್ಟ ಆಗ್ತಿಲ್ಲ. ಫಿನಿಶ್ ಹಾಳಾಗದ ಹಾಗೆ ಅದನ್ನ ತೆಗೆಯೋದು ಹೇಗೆ? ಆ ಜಾಗಕ್ಕೆ ಬೇರೆ ಲೋಗೋ ಹಾಕಬಹುದಾ?

ಉತ್ತರ: ತೆಗೀಬಹುದು, ಆದ್ರೆ ಅದು ಹತ್ತು ನಿಮಿಷದ ಕೆಲಸಾನಾ ಇಲ್ಲಾ ಒಂದು ತಿಂಗಳ ಕೆಲಸಾನಾ ಅನ್ನೋದು ಲೋಗೋ ಲ್ಯಾಕರ್ (ಮರದ ಮೇಲಿನ ಹೊಳಪಿನ ಲೇಪ) ಮೇಲಿದ್ಯಾ ಅಡಿಗಿದ್ಯಾ ಅನ್ನೋದರ ಮೇಲೆ ಹೋಗುತ್ತೆ. ಹೆಡ್‌ಸ್ಟಾಕನ್ನ ಲೈಟ್ ಕೆಳಗೆ ಓರೆಯಾಗಿ ಹಿಡ್ಕೊಂಡು ನೋಡಿ, ಅಕ್ಷರಗಳ ಸುತ್ತ ತೆಳ್ಳಗೆ ಒಂದು ಫಿಲ್ಮ್‌ನ ಅಂಚು ಕಾಣಿಸಬಹುದು, ಆ ಅಂಚಿನ ಮೇಲೆ ಉಗುರನ್ನ ನಿಧಾನಕ್ಕೆ ಎಳೀರಿ. ಉಗುರು ಎಲ್ಲೋ ಒಂದು ಕಡೆ ತಡೆದು ನಿಂತ್ರೆ ಲೋಗೋ ಬಹುಶಃ ಮೇಲಿದೆ. ಗಾಜಿನ ಮೇಲೆ ಹೋದ ಹಾಗೆ ನುಣ್ಣಗೆ ಜಾರಿದ್ರೆ ಅಡಿಗಿದೆ. ಬಹುಶಃ ಅಂತ ಯಾಕೆ ಹೇಳ್ದೆ ಅಂದ್ರೆ ಲೋಗೋ ಮೇಲೆ ತೀರಾ ತೆಳ್ಳಗೆ ಕ್ಲಿಯರ್ ಕೋಟ್ (ಪಾರದರ್ಶಕ ಲೇಪ) ಹೊಡೆದಿದ್ರೂ ಅಂಚು ಕೈಗೆ ಸಿಗುತ್ತೆ, ಅದಕ್ಕೆ ಯಾವುದೇ ಪ್ರಯೋಗ ಮಾಡೋದಿದ್ರೂ ಮೊದ್ಲು ಒಂದು ಮೂಲೇಲಿ ಮಾಡಿ ನೋಡಿ.

ಮೇಲಿದ್ರೆ ಒಳ್ಳೇದಾಯ್ತು. ಸ್ಟ್ರಿಂಗ್ಸ್, ಟ್ಯೂನರ್, ಸ್ಟ್ರಿಂಗ್ ಟ್ರೀ (ತಂತಿಗಳನ್ನ ಕೆಳಕ್ಕೆ ಒತ್ತಿ ಹಿಡಿಯೋ ಚಿಕ್ಕ ತುಣುಕು) ಬಿಚ್ಚಿಡಿ, ಇವನ್ನೆಲ್ಲ ಇಟ್ಕೊಂಡು ಸಂದಿಯಲ್ಲಿ ಉಜ್ಜೋಕೆ ಹೋದ್ರೆ ಎಲ್ಲೋ ಒಂದು ಗೀರು ಬಿದ್ದೇ ಬೀಳುತ್ತೆ. ವಾಟರ್‌ಸ್ಲೈಡ್ ಡೆಕಾಲ್ (ನೀರಲ್ಲಿ ನೆನೆಸಿ ಜಾರಿಸಿ ಅಂಟಿಸೋ ತೆಳ್ಳನೆ ಚಿತ್ರ) ಆಗಿದ್ರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ಸ್ವಲ್ಪ ಹೊತ್ತು ಅದರ ಮೇಲಿಟ್ಟು, ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಲ್ಲಿ ಮೆಲ್ಲಗೆ ಎಬ್ಬಿಸಿ. ಸ್ಟಿಕ್ಕರ್ ಆಗಿದ್ರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿದ್ರೆ ಅಂಟು ಬಿಡುತ್ತೆ, ಉಳಿದ ಜಿಗುಟನ್ನ ನ್ಯಾಫ್ತಾ, ಅಂದ್ರೆ ಲೈಟರ್‌ಗೆ ಹಾಕೋ ಫ್ಲೂಯಿಡ್, ಹತ್ತಿಗೆ ಹಾಕಿ ಒರೆಸಿ. ಅದು ಬೇಗ ಬೆಂಕಿ ಹತ್ಕೊಳ್ಳೋ ವಸ್ತು, ಹಾಗಾಗಿ ಡ್ರೈಯರ್ ಕೆಲಸ ಪೂರ್ತಿ ಮುಗಿಸಿ ದೂರ ಇಟ್ಟು, ಕಿಟಕಿ ತೆಗೆದು ಆಮೇಲೆ ಬಾಟಲ್ ಮುಚ್ಚಳ ತೆಗೀರಿ. ಅಸಿಟೋನ್ ಮತ್ತು ಥಿನ್ನರ್ ಮಾತ್ರ ಬೇಡವೇ ಬೇಡ, ನೈಟ್ರೋಸೆಲ್ಯುಲೋಸ್ (ನೈಟ್ರೋ) ಲ್ಯಾಕರ್ ಆಗಿದ್ರೆ ಲೋಗೋ ಜೊತೆ ಫಿನಿಶ್ಶೂ ಕರಗಿ ಕೈಗೆ ಬರುತ್ತೆ.

ಲೋಗೋ ಅಡಿಗಿದ್ರೆ ದಯವಿಟ್ಟು ಒಂದು ಸಲ ನಿಂತು ಯೋಚನೆ ಮಾಡಿ. ಕ್ಲಿಯರ್ ಕೋಟ್ ಕೆರೆಯದೆ ಅದು ಬರಲ್ಲ. ನನ್ನ ಮೊದಲನೇ ಬೇಸ್‌ನಲ್ಲಿ ನಾನು 400 ಗ್ರಿಟ್ (ಒರಟುತನದ ಅಳತೆ, ನಂಬರ್ ಹೆಚ್ಚಾದಷ್ಟು ನುಣುಪು) ಸ್ಯಾಂಡ್‌ಪೇಪರ್ ಹಿಡ್ಕೊಂಡು ಕೂತೆ, ಅಕ್ಷರಗಳು ಒಂದೊಂದೇ ಮಾಯ ಆಗ್ತಾ ಇದ್ವು, ಸರಿಯಾಗೇ ಹೋಗ್ತಿದೆ ಅಂದ್ಕೊಂಡೆ, ಆಮೇಲೆ ಪುಡಿ ಒರೆಸಿ ನೋಡಿದ್ರೆ ಜೇನಿನ ಬಣ್ಣದ ಹೆಡ್‌ಸ್ಟಾಕ್ ಮಧ್ಯದಲ್ಲಿ ಅಂಗೈ ಅಗಲ ಬಿಳಿ ಮೇಪಲ್ ಎದ್ದು ಕಾಣ್ತಿತ್ತು. ಆ ಹಳದಿ ಮರದ್ದೇ ಅಂತ ನಾನು ನಂಬಿದ್ದೆ. ಅದು ಲ್ಯಾಕರ್‌ಗೆ ಬೆರೆಸಿದ್ದ ಆಂಬರ್ ಟಿಂಟ್. ಆ ಬಣ್ಣಕ್ಕೆ ಹೊಂದೋ ಹಾಗೆ ಮತ್ತೆ ಸ್ಪ್ರೇ ಮಾಡೋದು ಲೋಗೋ ತೆಗೆಯೋದಕ್ಕಿಂತ ಎಷ್ಟೋ ಕಷ್ಟ. ಇನ್ನೂ ಒಂದು ವಿಷ್ಯ, ವರ್ಷಗಟ್ಟಲೆ ಬೆಳಕು ಬಿದ್ದು ಸುತ್ತಲಿನ ಜಾಗ ಗಾಢ ಆಗಿರುತ್ತೆ, ಲೋಗೋ ಅಡಿಯ ಜಾಗಕ್ಕೆ ಅಷ್ಟು ಬೆಳಕು ಬಿದ್ದಿರಲ್ಲ, ಲೋಗೋ ಹೋದ್ರೂ ಅದರ ನೆರಳು ಹಾಗೇ ಉಳ್ಕೋಬಹುದು.

ಅದಕ್ಕೇ ಅಡಿಗಿರೋ ಲೋಗೋಗೆ ನಾನು ಹೇಳೋದು ಮುಚ್ಚೋದೇ ವಾಸಿ ಅಂತ. ಹೆಡ್‌ಸ್ಟಾಕ್ ಮುಖಕ್ಕೆ ಬಾಡಿಯದೇ ಬಣ್ಣ ಹೊಡೀರಿ, ಮ್ಯಾಚಿಂಗ್ ಹೆಡ್‌ಸ್ಟಾಕ್ ನೋಡೋಕೂ ಚೆನ್ನಾಗಿರುತ್ತೆ, ಕಲೆ ನೆರಳು ಎಲ್ಲಾ ಅಡಿಗೆ ಹೋಗುತ್ತೆ. ಬಣ್ಣ ಹಿಡಿಯೋಕೆ ಮೇಲ್ಮೈಯನ್ನ 600 ಗ್ರಿಟ್‌ನಲ್ಲಿ ಮಂಕಾಗೋವಷ್ಟು ಉಜ್ಜಿದ್ರೆ ಸಾಕು, ಮರದ ತನಕ ಹೋಗೋದೇ ಬೇಡ. ನಟ್ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಕೂರೋ ಪಟ್ಟಿ) ಮತ್ತೆ ಫಿಂಗರ್‌ಬೋರ್ಡ್‌ಗೆ (ಬೆರಳು ಒತ್ತೋ ಹಲಗೆ) ಮಾಸ್ಕಿಂಗ್ ಟೇಪ್ ಹಾಕೋದು ಮರೀಬೇಡಿ.

ಹೊಸ ಲೋಗೋಗೆ ವಾಟರ್‌ಸ್ಲೈಡ್ ಪೇಪರ್ ಸಾಕು, ಮನೆ ಪ್ರಿಂಟರ್‌ನಲ್ಲೇ ಆಗುತ್ತೆ. ಇಂಕ್‌ಜೆಟ್ ಆದ್ರೆ ಪ್ರಿಂಟ್ ಒಣಗಿದ ಮೇಲೆ ಕ್ಲಿಯರ್ ಸ್ಪ್ರೇ ಹೊಡೆದು ಸೀಲ್ ಮಾಡ್ಲೇಬೇಕು, ಇಲ್ಲಾಂದ್ರೆ ನೀರಿಗೆ ಹಾಕಿದ ತಕ್ಷಣ ಇಂಕ್ ಹರಡುತ್ತೆ. ಮಾಮೂಲಿ ಪ್ರಿಂಟರ್‌ನಲ್ಲಿ ಬಿಳಿ ಇಂಕ್ ಇರಲ್ಲ, ಮೆಟಾಲಿಕ್ ಗೋಲ್ಡ್ ಅಂತೂ ಬರಲ್ಲ, ಹಾಗಾಗಿ ತಿಳಿ ಬಣ್ಣದ ಹೆಡ್‌ಸ್ಟಾಕ್ ಮೇಲೆ ಕಪ್ಪು ಅಕ್ಷರ ಸುಲಭ. ಅಂಟಿಸಿದ ಮೇಲೆ ಗುಳ್ಳೆಗಳನ್ನ ಮಧ್ಯದಿಂದ ಅಂಚಿಗೆ ತಳ್ಳಿ, ಒಂದು ದಿನ ಪೂರ್ತಿ ಒಣಗೋಕೆ ಬಿಡಿ. ಕ್ಲಿಯರ್ ಕೋಟ್ ಮೊದಲೆರಡು ಸಲ ಮಂಜು ಬಿದ್ದಷ್ಟೇ ತೆಳ್ಳಗಿರಲಿ, ಒಂದೇ ಸಲ ದಪ್ಪಗೆ ಹೊಡೆದ್ರೆ ಡೆಕಾಲ್ ಸುಕ್ಕುಗಟ್ಟುತ್ತೆ. ಆಮೇಲೆ ಫಿಲ್ಮ್ ಅಂಚು ಮುಳುಗೋ ತನಕ ಕೋಟ್ ಮೇಲೆ ಕೋಟ್. ನೈಟ್ರೋ ಆದ್ರೆ ಮೂರು ನಾಲ್ಕು ವಾರ ಬಿಟ್ಟು, 1000ದಿಂದ 2000 ಗ್ರಿಟ್ ತನಕ ನೀರು ಹಾಕಿ ಉಜ್ಜಿ ಪಾಲಿಶ್ ಮಾಡಿ.

ಇನ್ನು ಯಾವ ಲೋಗೋ ಅನ್ನೋದು. ನಿಮ್ಮ ಹೆಸರು, ನೀವೇ ಬರೆದ ಚಿತ್ರ, ಬ್ಯಾಂಡ್ ಹೆಸರು ಯಾವುದಾದ್ರೂ ಹಾಕಿ. ಆದ್ರೆ ಕಡಿಮೆ ಬೆಲೆಯ ಬೇಸ್‌ಗೆ ದೊಡ್ಡ ಕಂಪನಿ ಲೋಗೋ ಹಾಕೋದು ನನಗೆ ಒಪ್ಪಿಗೆ ಇಲ್ಲ. ನೀವು ಮಾರಲ್ಲ ಅಂತೀರಾ, ಸರಿ, ಆದ್ರೆ ಬೇಸ್ ನಿಮಗಿಂತ ಹೆಚ್ಚು ಕಾಲ ಉಳಿಯುತ್ತೆ, ನಿಮ್ಮ ನಂತರ ಕೈ ಬದಲಾದಾಗ ಯಾರೋ ಹೊಸದಾಗಿ ಕಲಿಯೋರು ಅದನ್ನ ಅಸಲಿ ಅಂತ ನಂಬಿ ದುಡ್ಡು ಕೊಡ್ತಾರೆ. ಅಸಲಿ ಅಂತ ಹೇಳಿ ಮಾರಿದ್ರಂತೂ ನೇರ ಮೋಸ, ಟ್ರೇಡ್‌ಮಾರ್ಕ್ ಕಾನೂನಿನ ಪ್ರಕಾರಾನೂ ತಪ್ಪು.

ಕೆಲಸ ಶುರು ಮಾಡೋ ಮುಂಚೆ ಹೆಡ್‌ಸ್ಟಾಕ್ ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದಿಡಿ, ಸೀರಿಯಲ್ ನಂಬರ್ ಎಲ್ಲಿದೆ ನೋಡ್ಕೊಳ್ಳಿ. ಫೆಂಡರ್ ಕಂಪನಿ 1976ರಲ್ಲಿ ನಂಬರನ್ನ ನೆಕ್ ಪ್ಲೇಟಿಂದ (ನೆಕ್ ಬಾಡಿಗೆ ಸೇರೋ ಕಡೆಯ ಲೋಹದ ತಗಡು) ಹೆಡ್‌ಸ್ಟಾಕ್‌ಗೆ ತಂತು, ಬೇರೆ ಎಷ್ಟೋ ಬೇಸ್‌ಗಳಲ್ಲೂ ಅದು ಅಲ್ಲೇ ಇರುತ್ತೆ, ಕೆಲವದರಲ್ಲಿ ಲೋಗೋ ಪಕ್ಕದಲ್ಲೇ. ಲೋಗೋ ಹೋದ್ರೂ ಆ ನಂಬರ್ ಉಳಿದಿದ್ರೆ ಬೇಸ್ ಯಾವುದು ಅಂತ ಗೊತ್ತಾಗುತ್ತೆ, ಅದಕ್ಕೆ ಅದರ ಮೇಲೆ ಎರಡು ಪದರ ಟೇಪ್ ಹಾಕಿ ಆಮೇಲೆ ನೀರಿನ ಬಟ್ಟೆ ಕೈಗೆ ತಗೊಳ್ಳಿ.